ಮಾಯಾ ಜನ ನಿಜಕ್ಕೂ ಕಣ್ಮರೆಯಾದರಾ?

ಪ್ರಶ್ನೆ: ದೊಡ್ಡ ದೊಡ್ಡ ಪಿರಮಿಡ್ ಕಟ್ಟಿದ ಮಾಯಾ ಜನ ಸಾವಿರ ವರ್ಷದ ಹಿಂದೆ ಇದ್ದಕ್ಕಿದ್ದಂತೆ ಕಾಣೆಯಾದರು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅಷ್ಟೂ ಜನ ಎಲ್ಲಿ ಹೋದರು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎಲ್ಲೂ ಹೋಗಿಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲಾ ಒಂದರಲ್ಲೇ 2018ರ ಜನಗಣತಿಯಲ್ಲಿ 60 ಲಕ್ಷಕ್ಕೂ ಹೆಚ್ಚು ಮಂದಿ ತಾವು ಮಾಯಾ ಎಂದು ಬರೆಸಿದ್ದಾರೆ. ಮೆಕ್ಸಿಕೋ, ಬೆಲೀಜ್‌ಗಳಲ್ಲೂ ಇದ್ದಾರೆ. ಸುಮಾರು 30 ಮಾಯಾ ಭಾಷೆಗಳು ಇವತ್ತಿಗೂ ಮನೆಮಾತು.

ಪಾಳುಬಿದ್ದದ್ದು ಊರುಗಳು. ಅದೂ ಎಲ್ಲ ಊರುಗಳಲ್ಲ, ದಕ್ಷಿಣದ ಕಾಡಿನ ಕಡೆಯವು. ಟಿಕಾಲ್ ನಗರವನ್ನೇ ನೋಡಿ. ಹತ್ತಿರದಲ್ಲಿ ಹೊಳೆ ಇಲ್ಲ. ಹಾಗಾಗಿ ಅಂಗಳಗಳಿಗೆಲ್ಲ ಗಾರೆ ಬಳಿದು, ಇಳಿಜಾರು ಮಾಡಿ, ಬಿದ್ದ ಮಳೆ ನೀರು ಕೆರೆಗಳಿಗೆ ಹರಿಯುವಂತೆ ಮಾಡಿಕೊಂಡಿದ್ದರು. ಮಳೆ ಬರುತ್ತಿರುವಷ್ಟು ಕಾಲ ಇದು ಜಾಣತನವೇ. 9ನೇ ಶತಮಾನದ ಹೊತ್ತಿಗೆ ಬರದ ಮೇಲೆ ಬರ ಬಂತು. ಜೊತೆಗೆ ಅಕ್ಕಪಕ್ಕದ ರಾಜರ ಜಗಳ ಮುಗಿಯಲೇ ಇಲ್ಲ. ಮಳೆ ತರಿಸಲಾಗದ ರಾಜನ ಮಾತನ್ನು ಯಾರು ಕೇಳುತ್ತಾರೆ? ಜನ ನಿಧಾನವಾಗಿ ಊರು ಬಿಟ್ಟರು. ಅವರ ದೀರ್ಘ ಪಂಚಾಂಗದ (ಒಂದು ಮೂಲ ದಿನದಿಂದ ದಿನಗಳನ್ನು ಎಣಿಸುತ್ತ ಹೋಗುವ ಪದ್ಧತಿ) ತಾರೀಕು ಹಾಕಿ ಕೆತ್ತಿದ, ನಮಗೆ ತಿಳಿದಿರುವ ಕೊನೆಯ ಶಾಸನ ಟೊನಿನಾ ಎಂಬ ಮಾಯಾ ನಗರದ್ದು, ಕ್ರಿ.ಶ. 909ರದ್ದು. ಆದರೆ ಉತ್ತರದ ಚಿಚೆನ್ ಇಟ್ಜಾ ನಗರ ಮೆರೆದದ್ದು ಅದೇ ಕಾಲದ ಆಸುಪಾಸಿನಲ್ಲಿ, ಮಾಯಾಪಾನ್ ನಗರ ಅದಕ್ಕೂ ಆಮೇಲೆ.

ಸ್ಪೇನಿನವರು ಗ್ವಾಟೆಮಾಲಾಕ್ಕೆ ನುಗ್ಗಿದ್ದು 1524ರಲ್ಲಿ. ಸರೋವರದ ನಡುವಿನ ನೊಹ್‌ಪೆಟೆನ್ ಎಂಬ ಮಾಯಾ ರಾಜಧಾನಿ ಅವರ ಕೈಗೆ ಸಿಕ್ಕಿದ್ದು 1697ರಲ್ಲಿ! ಮೆಕ್ಸಿಕೋದ ಯುಕಟಾನ್‌ನಲ್ಲಿ 1847ಕ್ಕೆ ಮಾಯಾ ರೈತರು ಮತ್ತೆ ದಂಗೆಯೆದ್ದರು. ಆ ಯುದ್ಧ 1901ರವರೆಗೂ ಎಳೆಯಿತು.

ತೀರಾ ಕರಾಳವಾದದ್ದು ಇತ್ತೀಚಿನದೇ. ಗ್ವಾಟೆಮಾಲಾದ ಅಂತರ್ಯುದ್ಧದಲ್ಲಿ (1960–96) ಸತ್ತವರು, ನಾಪತ್ತೆಯಾದವರು 2 ಲಕ್ಷಕ್ಕೂ ಜಾಸ್ತಿ. ಸತ್ಯಶೋಧನಾ ಆಯೋಗ ಗುರುತು ಪತ್ತೆಹಚ್ಚಿದ ಬಲಿಪಶುಗಳಲ್ಲಿ ಶೇ 83ರಷ್ಟು ಮಾಯಾ ಜನ. ಸೈನ್ಯ ಹಳ್ಳಿಗೆ ಹಳ್ಳಿಯನ್ನೇ ಸುಟ್ಟಿತ್ತು. 1992ರಲ್ಲಿ ಶಾಂತಿ ನೊಬೆಲ್ ಪಡೆದ ರಿಗೊಬೆರ್ತಾ ಮೆಂಚು ಈ ಸಮುದಾಯದವರೇ. ‘ಕಾಣೆಯಾದ ಜನಾಂಗ’ ಅಂತ ಸುಮ್ನೆ ಹೇಳಿಬಿಟ್ಟರೆ ಇದೆಲ್ಲ ಮರೆತೇಹೋಗುತ್ತದೆ, ನನಗೆ ಸಿಟ್ಟು ಬರುವುದು ಅದಕ್ಕೇ.

ಪ್ರಶ್ನೆ: ಅವರ ಚಿತ್ರದಂಥ ಲಿಪಿಯನ್ನು ಈಗ ಓದಬಹುದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಬಹುಪಾಲು ಓದಬಹುದು. 1562ರಲ್ಲಿ ಮಾನಿ ಎಂಬ ಊರಿನಲ್ಲಿ ಡಿಯೆಗೊ ದೆ ಲಾಂಡಾ ಎಂಬ ಪಾದ್ರಿ ಮಾಯಾ ಪುಸ್ತಕಗಳನ್ನು ಬೆಂಕಿಗೆ ಹಾಕಿಸಿದ. ಇವತ್ತು ಉಳಿದಿರುವ ಹಳೆಯ ಪುಸ್ತಕಗಳು ನಾಲ್ಕೇ. ವಿಚಿತ್ರ ನೋಡಿ, ಆ ಲಿಪಿಯ ಕೆಲವು ಅಕ್ಷರಗಳ ಉಚ್ಚಾರವನ್ನು ಮಾಯಾ ಜನರಿಂದಲೇ ಕೇಳಿ ಬರೆದಿಟ್ಟವನೂ ಈತನೇ. ಆ ಟಿಪ್ಪಣಿ ಹಿಡಿದುಕೊಂಡು 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ ಲಿಪಿಯ ಗುಟ್ಟು ಬಿಡಿಸಿದರು: ಅನೇಕ ಚಿಹ್ನೆಗಳು ನಮ್ಮ ಕಾಗುಣಿತದ ಹಾಗೆ ವ್ಯಂಜನ, ಸ್ವರ ಕೂಡಿದ ಉಲಿಗಳು. ಈಗ ಮಾಯಾ ಶಿಕ್ಷಕರೂ ಅದನ್ನು ಕಲಿತು ತಮ್ಮವರಿಗೆ ಕಲಿಸುತ್ತಿದ್ದಾರೆ.