5ನೇ ತರಗತಿಯಲ್ಲಿ ಓದಲು ಬಾರದ ಮಕ್ಕಳನ್ನು ಬೇರೆ ಕೂರಿಸಬೇಕೇ?

ಸರ್, ಹಾವೇರಿ ಜಿಲ್ಲೆಯ ಶಾಲೆಗೆ ಹೊಸದಾಗಿ ಮುಖ್ಯ ಶಿಕ್ಷಕರಾಗಿ ಬಂದಿದ್ದೀರಿ, 5ನೇ ತರಗತಿಯಲ್ಲಿ ಓದಲು ಬಾರದ 11 ಮಕ್ಕಳನ್ನು ಬೇರೆ ಕೂರಿಸಿ ಅತಿಥಿ ಶಿಕ್ಷಕರಿಗೆ ಒಪ್ಪಿಸಲೇ ಎಂದು ಕೇಳಿದ್ದೀರಿ. ನಾನು ಒಪ್ಪಿಸಿದ್ದೆ. 2016, ಗದಗ ಜಿಲ್ಲೆ ರೋಣ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆ, ಬಡ್ತಿ ಸಿಕ್ಕ ಮೊದಲ ವರ್ಷ.

ಶಾಲೆ ಶುರುವಾದ ವಾರದಲ್ಲೇ ಸೇತುಬಂಧದ ನೈದಾನಿಕ ಪರೀಕ್ಷೆ, ಅಂದರೆ ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆ, ಮುಗಿಸಿದೆವು. ಉತ್ತರ ಪತ್ರಿಕೆ ನೋಡಿ ಎದೆ ಧಸಕ್ಕೆಂದಿತು. 5ನೇ ತರಗತಿಯ 9 ಮಕ್ಕಳು ತಮ್ಮ ಹೆಸರು ಬಿಟ್ಟರೆ ಏನೂ ಬರೆದಿರಲಿಲ್ಲ. ಅವತ್ತೇ ಸಂಜೆ ಸ್ಕೆಚ್ ಪೆನ್ನಿನಲ್ಲಿ ಅಷ್ಟೂ ಹೆಸರು ಬರೆದು ಆಫೀಸಿನ ಬಾಗಿಲಿಗೆ ಅಂಟಿಸಿದೆ. ಜುಲೈಯಲ್ಲಿ ಅತಿಥಿ ಶಿಕ್ಷಕಿ ಬಂದ ಕೂಡಲೇ ಪಡಸಾಲೆಯಲ್ಲಿ ಜಮಖಾನೆ ಹಾಸಿ ಆ ಒಂಬತ್ತು ಮಕ್ಕಳನ್ನು ಅವಳಿಗೆ ಒಪ್ಪಿಸಿ ಅಲ್ಲಿ ಕೂರಿಸಿದೆ. ಡಿ.ಇಡಿ ಮುಗಿಸಿ ಬಂದ ಹುಡುಗಿ, ಅವಳಿಗೆ ಅದೇ ಮೊದಲ ಕೆಲಸ. ಅನುಭವಿ ಶಿಕ್ಷಕರನ್ನೆಲ್ಲ 6, 7ನೇ ತರಗತಿಗೆ ಹಾಕಿದೆ. ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ನೋಡಿ "ಛಲೋ ಮಾಡೀರಿ ಮೇಡಂ" ಅಂದರು. ನನಗೂ ಹಾಗೇ ಅನ್ನಿಸಿತ್ತು.

ತಪ್ಪು ಎಲ್ಲಿ ಆಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪಾಠ ಎಲ್ಲಿಂದ ಶುರು ಮಾಡಬೇಕೆಂದು ಶಿಕ್ಷಕರಿಗೆ ತಿಳಿಯಲಿ ಅಂತ ಇರುವ ಪರೀಕ್ಷೆ ಅದು. ನಾನು ಅದನ್ನು ಮಕ್ಕಳ ಹಣೆಗೆ ಒತ್ತುವ ಮುದ್ರೆ ಮಾಡಿದೆ. ಅದೂ ಎಂಥ ಹೊತ್ತಿನಲ್ಲಿ! ಒಂಬತ್ತರಲ್ಲಿ ನಾಲ್ಕು ಮಕ್ಕಳು ಅಪ್ಪ ಅವ್ವನ ಜೊತೆ ಗೋವಾಕ್ಕೆ ಗುಳೆ ಹೋಗಿ, ಬಿತ್ತನೆ ಹೊತ್ತಿಗೆ ಆಗಷ್ಟೇ ಊರಿಗೆ ಮರಳಿದವರು. ಐದು ತಿಂಗಳು ಕನ್ನಡ ಪುಸ್ತಕ ಮುಟ್ಟಿರಲಿಲ್ಲ. ಹಳೆಯ ಹಾಜರಿ ಪುಸ್ತಕ ತೆರೆದಿದ್ದರೆ ಅದು ಗೊತ್ತಾಗುತ್ತಿತ್ತು, ನಾನು ತೆರೆಯಲಿಲ್ಲ. ಆಮೇಲೂ ಆ ಪಟ್ಟಿಯನ್ನು ಯಾರೂ ತಿದ್ದಲಿಲ್ಲ. ಹೆಸರುಕಾಳು ಬಿಡಿಸುವ ಸುಗ್ಗಿ ಬಂದು ಹೋಯಿತು, ಬಾಗಿಲ ಮೇಲಿನ ಹಾಳೆ ಬಿಸಿಲಿಗೆ ಹಳದಿ ಆಯಿತು, ಅದರಲ್ಲಿದ್ದ ಒಂದು ಹೆಸರೂ ಅಳಿಯಲಿಲ್ಲ. ಇನ್ನೊಂದು ಸಂಗತಿ ನನ್ನನ್ನು ಈಗಲೂ ಕಾಡುತ್ತದೆ. ಆ ಜಮಖಾನೆಯ ಮೇಲೆ ಓದಲು ಬರುವ ಒಂದೇ ಒಂದು ಮಗು ಇರಲಿಲ್ಲ. ಪಕ್ಕದವಳ ಪುಸ್ತಕ ಇಣುಕಿ, ಅವಳ ಬೆರಳು ಎಲ್ಲಿ ಓಡುತ್ತದೆ ನೋಡಿ, ಅವಳ ಜೊತೆ ಗುನುಗಿ ಮಗು ಅರ್ಧ ಓದು ಕಲಿಯುತ್ತದೆ. ಆ ದಾರಿಯನ್ನು ನಾನೇ ಮುಚ್ಚಿಬಿಟ್ಟಿದ್ದೆ.

ದಸರಾ ರಜೆ ಮುಗಿದ ಮೇಲೆ ಒಬ್ಬ ಹುಡುಗಿಯ ಅವ್ವ ಬಂದರು. ಕೈಯಲ್ಲಿ ಕುರ್ಪಿ, ಕಳೆ ತೆಗೆಯಲು ಹೊರಟವರು. "ಅಕ್ಕೋರ, ಹ್ವಾದ ವರ್ಷ ಅಂಗಡಿ ಬೋರ್ಡ್ ಕೂಡ್ಸಿ ಕೂಡ್ಸಿ ಓದ್ತಿದ್ಲ್ರಿ. ಈಗ ಓದ ಅಂದ್ರ, ನಾ ಪಡಸಾಲಿಯಾಕಿ, ನಮಗ ಓದಾಕ ಬರೂದಿಲ್ಲ ಅಂತಾಳ್ರಿ." ಅವರಿಗೆ ಹೇಳಲು ನನ್ನ ಬಳಿ ಒಂದು ಮಾತೂ ಇರಲಿಲ್ಲ.

ಅದೇ ವಾರ ಕ್ಷೀರಭಾಗ್ಯದ ಹಾಲಿನ ಸಾಲಿನಲ್ಲಿ ಆ ಹುಡುಗಿ ಲೋಟ ಹಿಡಿದು ನಿಂತಿದ್ದಳು, ಪಕ್ಕದಲ್ಲಿ 4ನೇ ತರಗತಿಯ ಗೆಳತಿ. ಅಡುಗೆ ಕೋಣೆಯ ಕಟ್ಟೆಯ ಮೇಲೆ ಹಾಲಿನ ಪುಡಿಯ ಖಾಲಿ ಪ್ಯಾಕೆಟ್ ಇತ್ತು. ಗೆಳತಿ ಅದರ ಮೇಲೆ ಬೆರಳಿಟ್ಟು "ನ ಸೊನ್ನಿ?" ಅಂದಳು. "ನಂ." "ದ ಗುಡಸ?" ಉತ್ತರ ಇಲ್ಲ. ಗೆಳತಿ ಹೇಳಿಕೊಡಲಿಲ್ಲ, ತುಟಿ ಅಗಲಿಸಿ ಹಲ್ಲು ತೋರಿಸಿ ಕಾದಳು. "ದಿ... ನಿ. ನಂದಿನಿ!" ಲೋಟದ ಹಾಲು ಇನ್ನೂ ಆರಿರಲಿಲ್ಲ.

1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ, ಅಂದರೆ ಚಿಕ್ಕ ತರಗತಿಯ ಮಕ್ಕಳು ಕಾರ್ಡು ಹಿಡಿದು ಗುಂಪಿನಲ್ಲಿ ಕಲಿಯುವ ಪದ್ಧತಿ, ಕಟ್ಟಿದವರು ಸಹಪಾಠಿಗಳ ತಟ್ಟೆ ಅಂತ ಗೆಳೆಯರ ಸಹಾಯದಿಂದ ಕಲಿಯುವ ಗುಂಪು ಇಟ್ಟದ್ದು ಇದಕ್ಕೇ. 2009ರಿಂದ ಏಳು ವರ್ಷ, ಅದರಲ್ಲಿ ಮೊದಲು ಬರುವ ರ, ಗ, ಸ, ದ, ಅ ಕಾರ್ಡು ಹಂಚಿದವಳು ನಾನು. ಮಕ್ಕಳು ಮಕ್ಕಳಿಂದಲೇ ಕಲಿಯುವುದನ್ನು ದಿನಾ ನೋಡಿದ್ದೆ. ಮುಖ್ಯ ಶಿಕ್ಷಕಿಯ ಕುರ್ಚಿಗೆ ಬಂದ ಒಂದೇ ತಿಂಗಳಲ್ಲಿ ಮರೆತಿದ್ದೆ.

ಮರುದಿನ ಹಾಳೆ ಹರಿದೆ, ಮಕ್ಕಳನ್ನು ತರಗತಿಗೆ ಕರೆತಂದು ಓದುವವರ ಪಕ್ಕ ಒಬ್ಬೊಬ್ಬರನ್ನಾಗಿ ಕೂರಿಸಿದೆ. ಇಡೀ ದಿನ ಬೇರೆ ಕೂರಿಸುವುದು ಕೂಡದು ಸರ್, ಇದರಲ್ಲಿ ನನಗೆ ಎರಡು ಮಾತಿಲ್ಲ. ದಿನಕ್ಕೆ ಒಂದು ಗಂಟೆ ಬೇರೆ ವಿಷಯ. 3, 4, 5ನೇ ತರಗತಿಯವರನ್ನು ಕಲೆಸಿ, ಮಕ್ಕಳ ಓದಿನ ಮೇಲೆ ಕೆಲಸ ಮಾಡುವ ಪ್ರಥಮ್ ಸ್ವಯಂಸೇವಾ ಸಂಸ್ಥೆಯವರು ಮಾಡುವ ಹಾಗೆ, ಅಕ್ಷರ, ಪದ, ಪ್ಯಾರಾ, ಕಥೆ ಇವುಗಳಲ್ಲಿ ಮಗು ಇವತ್ತು ಎಲ್ಲಿದೆಯೋ ಆ ಗುಂಪಿನಲ್ಲಿ ಕೂರಿಸಿ. ಆದರೆ 15 ದಿನಕ್ಕೊಮ್ಮೆ ಒಂದೊಂದೇ ಮಗುವನ್ನು ಹತ್ತಿರ ಕೂರಿಸಿಕೊಂಡು ಓದಿಸಿ ಗುಂಪು ಬದಲಿಸಲೇಬೇಕು. ಬದಲಾಗದ ಗುಂಪು ಮತ್ತೆ ಪಡಸಾಲೆಯೇ. ಸಂಜೆ ವಿಶೇಷ ತರಗತಿಯ ಬಗ್ಗೆಯೂ ಕೇಳಿದ್ದೀರಿ. ಬೇಡ, ದಣಿದ ಮಗುವಿಗೆ ಅದು ಶಿಕ್ಷೆ.

ಇನ್ನು ಅವರನ್ನು ಯಾರಿಗೆ ಒಪ್ಪಿಸಲಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾರಿಗೂ ಒಪ್ಪಿಸಬೇಡಿ. ಅಕ್ಷರದ ಗುಂಪನ್ನು ನೀವೇ ಹಿಡಿಯಿರಿ. ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ವರದಿ ಆ ಒಂದು ಗಂಟೆ ಕಾಯಲಿ. ಹೆಡ್ ಮಾಸ್ತರು ಜಮಖಾನೆಯ ಮೇಲೆ ಕುಳಿತು "ರ" ತಿದ್ದಿಸುವುದನ್ನು ಕಂಡರೆ ಉಳಿದ ಶಿಕ್ಷಕರಿಗೆ ಆದೇಶ ಬರೆಯುವ ಅಗತ್ಯ ಬೀಳುವುದಿಲ್ಲ. ನನ್ನ ಶಾಲೆಯಲ್ಲಿ 7ನೇ ತರಗತಿಯ ಹಿರಿಯ ಶಿಕ್ಷಕರು ಎರಡನೇ ವಾರ ತಾವಾಗಿಯೇ ಬಂದು ಪದದ ಗುಂಪು ಕೇಳಿ ತೆಗೆದುಕೊಂಡರು.

ಊರಲ್ಲೇ ಉಳಿದ ಐವರಲ್ಲಿ ನಾಲ್ವರು ಮಾರ್ಚ್ ಹೊತ್ತಿಗೆ ಪ್ಯಾರಾ ಓದಿದರು. ಆ ಹುಡುಗಿ ಅವರಲ್ಲಿರಲಿಲ್ಲ. ಜನವರಿಯಲ್ಲೇ ಅವಳ ಮನೆಯವರು ಮತ್ತೆ ಗೋವಾ ಬಸ್ ಹತ್ತಿದ್ದರು. ಪದದ ಗುಂಪಿಗೆ ಬಂದಿದ್ದಳು, ಇನ್ನೊಂದು ತಿಂಗಳು ಸಿಕ್ಕಿದ್ದರೆ ಸಾಕಿತ್ತು. ಅವಳ ಜೊತೆ ನನಗಿದ್ದದ್ದು ಜುಲೈಯಿಂದ ಆರು ತಿಂಗಳು, ಅದರಲ್ಲಿ ಮೂರನ್ನು ಪಡಸಾಲೆಯಲ್ಲಿ ಕಳೆದಿದ್ದೆ.

ನಿಮ್ಮ 11 ಮಕ್ಕಳ ಹಾಜರಿಯನ್ನು ಹೋದ ವರ್ಷದ ಪುಸ್ತಕದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ತೆಗೆದು ನೋಡಿ. ಎಷ್ಟು ಜನ ಗುಳೆ ಹೋಗಿದ್ದರು ಎಂದು ಇಲ್ಲಿ ಬರೆಯಿರಿ, ಯಾರನ್ನು ಯಾರ ಪಕ್ಕ ಕೂರಿಸುವುದೆಂದು ಆಮೇಲೆ ಮಾತಾಡೋಣ.