ಅತ್ತೆ ಕೊಡೋ ನೆಲ್ಲಿಕಾಯಿ ಜ್ಯೂಸು, ಸೊಸೆಗೆ ಹೊಟ್ಟೆ ಉರಿ

ಪ್ರಶ್ನೆ: ಮದುವೆಯಾಗಿ ವರ್ಷ ಆಯ್ತು. ನಮ್ಮತ್ತೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಏಳೆಂಟು ಬೆಟ್ಟದ ನೆಲ್ಲಿಕಾಯಿ ರುಬ್ಬಿ ದೊಡ್ಡ ಲೋಟದಲ್ಲಿ ಜ್ಯೂಸ್ ಕೊಡ್ತಾರೆ, ಜೀರ್ಣಕ್ಕೆ ಒಳ್ಳೇದು ಅಂತ. ನಂಗೆ ಎದೆ ಉರಿ, ಕೆಲವು ದಿನ ಭೇದಿ. ಗಂಡನಿಗೆ ಹೇಳಿದ್ರೆ 'ಅಮ್ಮ ಒಳ್ಳೇದಕ್ಕೇ ಕೊಡೋದು' ಅಂತಾರೆ. ಈಗ ಕದ್ದು ಸಿಂಕಿಗೆ ಸುರೀತಿದೀನಿ. ಏನ್ ಮಾಡ್ಲಿ?
- ದಾವಣಗೆರೆಯ ಸೊಸೆ

ಉತ್ತರ: ಮೊದ್ಲು ಸಿಂಕಿಗೆ ಸುರಿಯೋದು ನಿಲ್ಲಿಸಮ್ಮ, ಒಂದಿನ ಸಿಕ್ಕಿಬಿದ್ರೆ ಜಗಳ ನೆಲ್ಲಿಕಾಯಿದು ಆಗಿರಲ್ಲ, ನೀನು ಇಷ್ಟು ದಿನ ಮೋಸ ಮಾಡ್ದೆ ಅನ್ನೋದಾಗತ್ತೆ.

ನಿಮ್ಮತ್ತೆ ಹೇಳೋದು ಸುಳ್ಳಲ್ಲ. ಉಪ್ಪೊಂದು ಬಿಟ್ಟು ಐದೂ ರಸ ಇರೋ ಕಾಯಿ ಅದು, ತಂಪು, ಪಿತ್ತ ಇಳಿಸತ್ತೆ ಅಂತಾನೇ ಆಯುರ್ವೇದ ಹೇಳೋದು, ಅಳಲೆಕಾಯಿ ತಾರೆಕಾಯಿ ಜೊತೆ ಸೇರಿದ್ರೆ ಅದೇ ತ್ರಿಫಲ. ಆದ್ರೆ ಅದೇ ಆಯುರ್ವೇದ ಎಷ್ಟು ತಿನ್ಬೇಕು ಅನ್ನೋದು ಅವರವರ ಜಠರಾಗ್ನಿ ನೋಡ್ಕೊಂಡು ಅಂತಲೂ ಹೇಳತ್ತಲ್ಲ, ಅತ್ತೆಗೆ ಅರಗಿದ್ದು ಸೊಸೆಗೂ ಅರಗ್ಬೇಕು ಅಂತ ಎಲ್ಲೂ ಇಲ್ಲ. ಅಷ್ಟು ಹುಳಿ ಖಾಲಿ ಹೊಟ್ಟೆಗೆ ಬಿದ್ರೆ ಆಸಿಡಿಟಿ ಇರೋರಿಗೆ ಉರಿಯತ್ತೆ, ಸಿ ವಿಟಮಿನ್ ಅತಿಯಾದ್ರೆ ಭೇದಿನೂ ಆಗತ್ತೆ. ದಿನಕ್ಕೆ ಒಂದು ಕಾಯಿ ಸಾಕಮ್ಮ, ಅದೂ ಊಟದ ಜೊತೆ.

ಅತ್ತೆ ಹತ್ರ ನೀನೇ ಮಾತಾಡು, ಗಂಡನ್ನ ಮಧ್ಯ ತರ್ಬೇಡ, ಅವರ ಉತ್ತರ ಆಗ್ಲೇ ಗೊತ್ತಾಯ್ತಲ್ಲ. ಬೆಳಿಗ್ಗೆ ಲೋಟ ಕೈಗೆ ಬಂದಾಗ ಹೇಳ್ಬೇಡ, ಅದು ಅವ್ರಿಗೆ ಮುಖಕ್ಕೆ ಹೊಡ್ದಂಗಾಗತ್ತೆ. ಸಂಜೆ ಸೊಪ್ಪು ಸೋಸ್ತಾ ಕೂತಿದ್ದಾಗ 'ಅತ್ತೆ, ಜ್ಯೂಸು ಕುಡಿದ್ರೆ ನಂಗೆ ಎದೆ ಉರೀತದೆ, ಹೇಳಕ್ಕೆ ಸಂಕೋಚ ಆಗ್ತಿತ್ತು, ಅದ್ರ ಬದ್ಲು ತಂಬುಳಿ ಮಾಡೋಣ್ವಾ' ಅನ್ನು. ಎರಡು ಕಾಯಿ ಬೀಜ ತೆಗ್ದು ಕಾಯಿತುರಿ, ಜೀರಿಗೆ, ಒಂದು ಹಸಿಮೆಣಸು ಹಾಕಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲ್ಸಿ ಒಗ್ಗರಣೆ ಕೊಟ್ರೆ ಮನೆಮಂದಿಗೆಲ್ಲ ಆಯ್ತು, ಬಿಸಿ ಅನ್ನಕ್ಕೆ ಅದ್ರಷ್ಟು ರುಚಿ ಬೇರೆ ಇಲ್ಲ (ನನ್ ಪಕ್ಷಪಾತ ಇರ್ಬೋದು, ಮಲೆನಾಡಿನೋಳು ನಾನು). ಸೀಸನ್‌ನಲ್ಲಿ ಕಾಯಿ ಜಾಸ್ತಿ ತಂದಿದ್ರೆ ಉಪ್ಪು ಹಾಕಿ ಒಣಗ್ಸಿ ನೆಲ್ಲಿ ಅಡಿಕೆ ಮಾಡ್ಕೊಡಿ ಅಂತ ಅವ್ರನ್ನೇ ಕೇಳು, ಊಟ ಆದ್ಮೇಲೆ ಒಂದು ಚೂರು ಬಾಯಿಗೆ ಹಾಕ್ಕೋಬೋದು. ಅವ್ರಿಗೆ ಬೇಕಿರೋದು ಸೊಸೆ ತಾನು ಮಾಡಿದ್ದು ತಿನ್ಲಿ ಅನ್ನೋದು ಅಷ್ಟೇ ಅನ್ಸತ್ತೆ ನಂಗೆ.

ಅತ್ತೆಗೆ ಶುಗರ್ ಮಾತ್ರೆ ಅಥ್ವಾ ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಅವ್ರೂ ಅಷ್ಟು ಜ್ಯೂಸು ಕುಡಿಯೋ ಮುಂಚೆ ಡಾಕ್ಟರ್‌ನ ಕೇಳ್ಲಿ. ಜ್ಯೂಸು ಬಿಟ್ಟು ಎರಡು ವಾರ ಆದ್ರೂ ನಿನ್ನ ಎದೆ ಉರಿ ಹೋಗ್ಲಿಲ್ಲ ಅಂದ್ರೆ ನೀನೂ ಹೋಗಿ ತೋರಿಸ್ಕೋ.