ಸ್ಯಾಂಪಲ್ ಕೋಣೆಯ ಕೆಲಸವೂ ಕಲಿಕೆಯೇ?

ಫ್ಯಾಷನ್ ಕ್ಷೇತ್ರದ ಸಾರ್ವಜನಿಕ ಸಂಪರ್ಕ ಸಂಸ್ಥೆಗಳಲ್ಲಿ ಇಂಟರ್ನ್‌ಗಳಾಗಿರುವ ವಿದ್ಯಾರ್ಥಿಗಳಿಂದ ಬಂದ ಪತ್ರಗಳಿಗೇ ಈ ಬಾರಿಯ ಅಂಕಣವನ್ನು ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ಮೇಡಂ, ನಾನು ಸಂವಹನ ವಿಷಯದ ಅಂತಿಮ ವರ್ಷದ ವಿದ್ಯಾರ್ಥಿನಿ. ಹಲವು ಉಡುಪು ವಿನ್ಯಾಸಕರ ಪ್ರಚಾರವನ್ನು ನೋಡಿಕೊಳ್ಳುವ ಸಂಸ್ಥೆಯೊಂದರಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್‌ಗೆ ಸೇರಿ ಐದು ವಾರ ಕಳೆದಿವೆ. ಪತ್ರಿಕಾ ಪ್ರಕಟಣೆ ಬರೆಯುವುದನ್ನೂ ಸಂಪಾದಕರೊಂದಿಗೆ ವ್ಯವಹರಿಸುವುದನ್ನೂ ಕಲಿಯಬೇಕೆಂದು ಬಂದವಳು ನಾನು. ಆದರೆ ಬೆಳಗಿನಿಂದ ಸಂಜೆಯವರೆಗೆ ಸ್ಯಾಂಪಲ್ ಕೋಣೆಯಲ್ಲಿ ಉಡುಪುಗಳನ್ನು ಚೀಲಕ್ಕೆ ಹಾಕುವುದು, ಮರಳಿ ಬಂದವುಗಳ ಸುಕ್ಕನ್ನು ಸ್ಟೀಮರ್‌ನಿಂದ ಬಿಡಿಸಿ ತೂಗುಹಾಕುವುದು, ಪಟ್ಟಿಯಲ್ಲಿ ಗುರುತು ಹಾಕುವುದು, ಇಷ್ಟೇ ನನ್ನ ಕೆಲಸ. ಕಳೆದ ವಾರ ಉಡುಪೊಂದು ಎರಡು ದಿನ ತಡವಾಗಿ ಬಂದದ್ದಕ್ಕೆ ಹಿರಿಯರು ಎಲ್ಲರೆದುರು ನನ್ನನ್ನು ಗದರಿದರು. ಇದನ್ನು ಕಲಿಕೆ ಎನ್ನಬಹುದೇ? ಮುಂದುವರಿಯಲೇ, ಬಿಟ್ಟುಬಿಡಲೇ?

ಉತ್ತರ: ಎಲ್ಲರೆದುರು ಗದರಿದ್ದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ. ಆದರೆ ಎರಡು ದಿನದ ವಿಳಂಬಕ್ಕೆ ಅವರು ಅಷ್ಟು ಕಳವಳಪಟ್ಟದ್ದೇಕೆ ಎಂಬುದನ್ನು ಯಾರಾದರೂ ನಿಮ್ಮನ್ನು ಕೂರಿಸಿಕೊಂಡು ವಿವರಿಸಿದ್ದರೆ ನಿಮ್ಮ ಪತ್ರ ಬೇರೆಯೇ ರೀತಿಯಲ್ಲಿರುತ್ತಿತ್ತು ಎಂದು ನನಗನ್ನಿಸುತ್ತದೆ.

ನೀವು ತೂಗುಹಾಕುತ್ತಿರುವ ಉಡುಪು ಅಂಗಡಿಯಲ್ಲಿ ಸಿಗುವ ಉಡುಪಲ್ಲ. ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದ ಹೊಲಿಗೆ ಆರಂಭವಾಗುವ ಮೊದಲೇ, ಪ್ರದರ್ಶನಕ್ಕಾಗಿ ಮತ್ತು ಪತ್ರಿಕೆಗಳವರಿಗೆ ತೋರಿಸುವುದಕ್ಕಾಗಿ ಹೊಲಿದ ಮಾದರಿ ಅದು. ಅನೇಕ ಬಾರಿ ಆ ವಿನ್ಯಾಸದ ಒಂದೇ ಒಂದು ಪ್ರತಿ ಇರುತ್ತದೆ. ಪ್ಯಾರಿಸ್, ಮಿಲಾನ್, ಲಂಡನ್, ನ್ಯೂಯಾರ್ಕ್‌ಗಳ ಮಹಿಳಾ ಉಡುಪಿನ ಪ್ರದರ್ಶನಗಳಲ್ಲಿ ಶರತ್ಕಾಲ ಮತ್ತು ಚಳಿಗಾಲದ ಉಡುಪುಗಳನ್ನು ಫೆಬ್ರವರಿ–ಮಾರ್ಚ್‌ನಲ್ಲಿಯೂ, ವಸಂತ ಮತ್ತು ಬೇಸಿಗೆಯವನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿಯೂ ತೋರಿಸುವ ರೂಢಿಯಿದೆ. ಹೀಗೆ ತೋರಿಸಿದ ಉಡುಪು ಅಂಗಡಿಗೆ ಬರುವ ಹೊತ್ತಿಗೆ ಸುಮಾರು ಆರು ತಿಂಗಳು ಕಳೆದಿರುತ್ತವೆ. ಮುದ್ರಿತ ಮಾಸಪತ್ರಿಕೆಗಳು ತಮ್ಮ ಸಂಚಿಕೆಗಳ ಛಾಯಾಚಿತ್ರಗಳನ್ನು ಹಲವು ತಿಂಗಳು ಮೊದಲೇ ತೆಗೆಸುವುದರಿಂದ, ಆ ಆರು ತಿಂಗಳ ನಡುವಿನ ಕೆಲವೇ ವಾರಗಳಲ್ಲಿ ಅದೊಂದೇ ಉಡುಪು ಒಬ್ಬ ಸ್ಟೈಲಿಸ್ಟ್‌ನಿಂದ ಇನ್ನೊಬ್ಬರಿಗೆ, ಒಂದು ಊರಿನಿಂದ ಮತ್ತೊಂದಕ್ಕೆ ಸುತ್ತಬೇಕಾಗುತ್ತದೆ. ಒಂದು ಕಡೆ ಎರಡು ದಿನ ತಡವಾದರೆ ಮುಂದಿನವರ ಛಾಯಾಗ್ರಹಣದ ದಿನ ಕೈತಪ್ಪುತ್ತದೆ. ಛಾಯಾಗ್ರಾಹಕರು, ರೂಪದರ್ಶಿ, ಸ್ಥಳ ಎಲ್ಲವೂ ಆ ದಿನಕ್ಕೇ ಗೊತ್ತಾಗಿರುವುದರಿಂದ ಅದನ್ನು ಯಾರೂ ಮುಂದೂಡುವುದಿಲ್ಲ. ನಿಮ್ಮ ಉಡುಪಿನ ಬದಲು ಬೇರೊಬ್ಬ ವಿನ್ಯಾಸಕರ ಉಡುಪು ಆ ಪುಟಕ್ಕೆ ಹೋಗುತ್ತದೆ.

ನಾನು ಇಂಟರ್ನ್ ಆಗಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಉದ್ದನೆಯ ಉಣ್ಣೆಯ ಕೋಟೊಂದು ಛಾಯಾಗ್ರಹಣ ಮುಗಿಸಿ ಸಂಜೆ ಮರಳಿ ಬಂತು. ಚೀಲದ ಝಿಪ್ಪನ್ನು ಅರ್ಧದವರೆಗೆ ಎಳೆದು, ಕೋಟು ಇದೆಯೆಂದು ಖಚಿತಪಡಿಸಿಕೊಂಡು, ಪಟ್ಟಿಯಲ್ಲಿ ‘ಬಂದಿದೆ’ ಎಂದು ಗುರುತು ಹಾಕಿ ತೂಗುಹಾಕಿದೆ. ಎರಡು ದಿನಗಳ ನಂತರ ಅದೇ ಚೀಲ ಮತ್ತೊಂದು ಪತ್ರಿಕೆಗೆ ಹೋಯಿತು. ಅಂದು ಬೆಳಿಗ್ಗೆ ಛಾಯಾಗ್ರಹಣದ ಸ್ಥಳದಿಂದ ಸ್ಟೈಲಿಸ್ಟ್ ಕರೆ ಮಾಡಿ, ಕೋಟಿನ ಎರಡೂ ಬದಿಯಲ್ಲಿ ಪಟ್ಟಿ ಸಿಕ್ಕಿಸುವ ಕುಣಿಕೆಗಳಿವೆ, ಆದರೆ ಸೊಂಟದ ಪಟ್ಟಿ ಎಲ್ಲಿ ಎಂದು ಕೇಳಿದರು. ಅದೇ ಬಟ್ಟೆಯಲ್ಲಿ ಹೊಲಿದಿದ್ದ ಆ ಪಟ್ಟಿಯಿಂದಲೇ ಕೋಟಿಗೆ ಆಕಾರ ಬರುತ್ತಿತ್ತು. ಅದು ಮೊದಲ ಸ್ಟೈಲಿಸ್ಟ್‌ನ ಪೆಟ್ಟಿಗೆಯಲ್ಲಿಯೇ ಉಳಿದುಹೋಗಿತ್ತು. ಕೋಟನ್ನು ಬಿಚ್ಚುಗುಂಡಿಯಲ್ಲಿಯೇ ತೊಡಿಸಿ ಚಿತ್ರ ತೆಗೆದರು. ಸಂಚಿಕೆ ಬಂದಾಗ ಅದರಲ್ಲಿ ಆ ಚಿತ್ರ ಇರಲಿಲ್ಲ. ಆ ವಿನ್ಯಾಸಕರು ಆ ಪತ್ರಿಕೆಯಲ್ಲಿ ಒಂದು ಪುಟಕ್ಕಾಗಿ ಮೂರು ಋತುಗಳಿಂದ ಕಾದಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ. ಇಂದಿಗೂ ಆ ಕುಣಿಕೆಗಳು ಕಣ್ಣಿಗೆ ಕಟ್ಟಿದಂತಿವೆ.

ಅಂದಿನಿಂದ ಉಡುಪು ಮರಳಿದಾಗ ಚೀಲವನ್ನು ಪೂರ್ತಿ ಬಿಚ್ಚಿ, ಕಾಲರಿನ ಒಳಮಗ್ಗುಲಲ್ಲಿ ಮೇಕಪ್ಪಿನ ಕಲೆಯಿದೆಯೇ, ಗುಂಡಿಗಳು ಲೆಕ್ಕಕ್ಕೆ ಸರಿಯಾಗಿವೆಯೇ, ಅಂಚಿನಲ್ಲಿ ತಾತ್ಕಾಲಿಕವಾಗಿ ಚುಚ್ಚಿದ ಪಿನ್ನು ಉಳಿದಿದೆಯೇ ಎಂದು ಬೆರಳಾಡಿಸಿ ನೋಡುವುದು ನನಗೆ ರೂಢಿಯಾಯಿತು. ಪಾದರಕ್ಷೆಯಾದರೆ ಅಡಿಯನ್ನು ತಿರುಗಿಸಿ ನೋಡಬೇಕು. ಅಟ್ಟೆ ಸವೆಯದಿರಲೆಂದು ಸ್ಟೈಲಿಸ್ಟ್‌ಗಳು ಅಂಟಿಸುವ ಟೇಪನ್ನು ಅವಸರದಲ್ಲಿ ಕಿತ್ತರೆ ಮೇಲ್ಪದರವೂ ಅದರ ಜೊತೆ ಎದ್ದು ಬರುವುದುಂಟು. ಹೊರಗೆ ಹೋಗುವಾಗ ಒಂದು, ಒಳಗೆ ಬಂದಾಗ ಒಂದು ಚಿತ್ರ ತೆಗೆದಿಟ್ಟುಕೊಂಡರೆ, ಕಲೆ ಯಾರ ಬಳಿ ಆಯಿತೆಂಬ ವಾದವೇ ಹುಟ್ಟುವುದಿಲ್ಲ.

ಇನ್ನು ನೀವು ಬೇಸರದಿಂದ ಗುರುತು ಹಾಕುತ್ತಿರುವ ಆ ಪಟ್ಟಿಯ ಬಗ್ಗೆ ಒಂದು ಮಾತು. ಯಾವ ಸ್ಟೈಲಿಸ್ಟ್ ಯಾವ ಬಣ್ಣವನ್ನು ಮತ್ತೆ ಮತ್ತೆ ಕೇಳುತ್ತಾರೆ, ಯಾವ ಪತ್ರಿಕೆ ಹತ್ತು ಬಾರಿ ತರಿಸಿಕೊಂಡು ಒಮ್ಮೆಯೂ ಅಚ್ಚು ಹಾಕಲಿಲ್ಲ, ಯಾರು ಹೇಳಿದ ದಿನ ಮರಳಿಸುತ್ತಾರೆ ಎಂಬುದೆಲ್ಲ ಆ ಪಟ್ಟಿಯೊಳಗೆ ಇದೆ. ನಾಳೆ ಸಂಪಾದಕರೊಬ್ಬರಿಗೆ ಬರೆಯುವಾಗ, ಇನ್ನೂರು ಮಂದಿಗೆ ಒಂದೇ ಪ್ರಕಟಣೆ ಕಳುಹಿಸುವ ಬದಲು ಅವರಿಗೆ ನಿಜವಾಗಿ ಬೇಕಾದ ಮೂರು ಉಡುಪುಗಳನ್ನಷ್ಟೇ ಸೂಚಿಸುವ ಶಕ್ತಿ ನಿಮಗೆ ಬರುವುದು ಈ ತಿಳಿವಳಿಕೆಯಿಂದ. ಪ್ರಕಟಣೆಯ ಭಾಷೆಯನ್ನು ಒಂದು ವಾರದಲ್ಲಿ ಕಲಿಯಬಹುದು, ಆದರೆ ಈ ಪರಿಚಯ ಸ್ಯಾಂಪಲ್ ಕೋಣೆಯ ಹೊರಗೆ ಸಿಗುವುದಿಲ್ಲ. ಆದ್ದರಿಂದ ಈಗಲೇ ಬಿಡಬೇಡಿ. ನಿಮ್ಮದೇ ಒಂದು ಪುಸ್ತಕದಲ್ಲಿ, ಹೊರಹೋದ ಪ್ರತಿ ಉಡುಪಿನ ಎದುರು ಅದು ಯಾವ ಲೇಖನಕ್ಕಾಗಿ ಹೋಯಿತು, ಅಚ್ಚಾಯಿತೇ ಇಲ್ಲವೇ ಎಂದು ಬರೆಯುತ್ತಾ ಬನ್ನಿ. ಮೂರು ವಾರದ ಬರಹ ಕೈಯಲ್ಲಿದ್ದಾಗ ಹಿರಿಯರ ಬಳಿ ಹೋಗಿ, ಇದರ ಆಧಾರದ ಮೇಲೆ ಒಬ್ಬ ಸಂಪಾದಕರಿಗೆ ಪತ್ರದ ಕರಡು ಸಿದ್ಧಪಡಿಸಲೇ ಎಂದು ಕೇಳಿ. ಏನಾದರೂ ಬರೆಯಲು ಕೊಡಿ ಎಂದು ಕೇಳುವವರಿಗಿಂತ ಹೀಗೆ ಕೇಳುವವರಿಗೆ ಕೆಲಸ ಬೇಗ ಸಿಗುತ್ತದೆ. ಅದಾದ ಮೇಲೂ ಕೊನೆಯ ವಾರದವರೆಗೆ ಚೀಲ ತುಂಬುವುದೊಂದೇ ಉಳಿದರೆ, ಆಗ ನಿಮ್ಮ ದೂರು ನ್ಯಾಯವಾದದ್ದು. ಅದನ್ನು ಕಾಲೇಜಿನ ಮಾರ್ಗದರ್ಶಕರಿಗೆ ಬರವಣಿಗೆಯಲ್ಲಿ ತಿಳಿಸಿ.

ಪ್ರಶ್ನೆ: ಪತ್ರಿಕೆಗಳಲ್ಲಿ ಬಂದ ಸುದ್ದಿ ತುಣುಕುಗಳನ್ನು ಕತ್ತರಿಸಿ, ಅಳೆದು, ಅಷ್ಟೇ ಜಾಗದ ಜಾಹೀರಾತಿಗೆ ಎಷ್ಟು ಹಣ ಆಗುತ್ತಿತ್ತು ಎಂದು ಲೆಕ್ಕ ಹಾಕಿ ವರದಿ ಮಾಡಲು ನನಗೆ ಹೇಳಿದ್ದಾರೆ. ಹೀಗಾದರೆ ಜಾಹೀರಾತಿಗೂ ಸಾರ್ವಜನಿಕ ಸಂಪರ್ಕಕ್ಕೂ ವ್ಯತ್ಯಾಸವೇನು?

ಉತ್ತರ: ನಿಮ್ಮ ಸಂಶಯ ಸರಿಯಾಗಿದೆ. ಜಾಹೀರಾತಿನಲ್ಲಿ ಜಾಗವನ್ನು ಕೊಳ್ಳುತ್ತೇವೆ, ಅಲ್ಲಿ ಏನಿರಬೇಕೆಂಬುದನ್ನು ನಾವೇ ನಿರ್ಧರಿಸುತ್ತೇವೆ. ಸಾರ್ವಜನಿಕ ಸಂಪರ್ಕದಲ್ಲಿ ಉಡುಪನ್ನು, ಮಾಹಿತಿಯನ್ನು ಸಂಪಾದಕರ ಮುಂದಿಟ್ಟು ಕಾಯುತ್ತೇವೆ, ನಿರ್ಧಾರ ಅವರದು. ಓದುಗರು ಅದಕ್ಕೆ ಬೆಲೆ ಕೊಡುವುದೂ ನಿರ್ಧಾರ ಅವರದೆಂಬ ಕಾರಣಕ್ಕೇ.

ಇದಕ್ಕೆ ಇತಿಹಾಸದಿಂದ ಒಂದು ಉದಾಹರಣೆ ಕೊಡಬಹುದು. 1947ರ ಫೆಬ್ರವರಿ 12ರಂದು ಕ್ರಿಶ್ಚಿಯನ್ ಡಿಯೋರ್ ಪ್ಯಾರಿಸ್‌ನಲ್ಲಿ ತಮ್ಮ ಮೊದಲ ಸಂಗ್ರಹವನ್ನು ತೋರಿಸಿದರು. ಬಿಗಿಯಾದ ಸೊಂಟ, ಹರವಾದ ಲಂಗದ ಆ ಶೈಲಿಯನ್ನು ಜಗತ್ತು ಇಂದಿಗೂ ‘ನ್ಯೂ ಲುಕ್’ ಎಂದು ಕರೆಯುತ್ತದೆ. ಆದರೆ ಅದು ಡಿಯೋರ್ ಸಂಸ್ಥೆ ಇಟ್ಟ ಹೆಸರಲ್ಲ. ಹಾರ್ಪರ್ಸ್ ಬಜಾರ್ ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಅವರ ಬಾಯಿಂದ ಬಂದ ಮಾತು ಅದು. ಹಣ ಕೊಟ್ಟು ಕೊಂಡ ಯಾವ ಪುಟವೂ ಆ ಎರಡು ಪದಗಳಷ್ಟು ಕಾಲ ಬಾಳುತ್ತಿರಲಿಲ್ಲ. ಸಂಪಾದಕರನ್ನು ಉಡುಪಿನ ಎದುರಿಗೆ ತಂದು ಕೂರಿಸುವುದೇ ಈ ವೃತ್ತಿಯ ಮುಖ್ಯ ಕೆಲಸವೆಂದು ಅರಿತವರಲ್ಲಿ ಅಮೆರಿಕದ ಎಲಿನಾರ್ ಲ್ಯಾಂಬರ್ಟ್ ಪ್ರಮುಖರು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಿಸ್ ಜರ್ಮನರ ವಶದಲ್ಲಿದ್ದು, ಅಲ್ಲಿನ ಪ್ರದರ್ಶನಗಳಿಗೆ ಅಮೆರಿಕದ ಪತ್ರಕರ್ತರು ಹೋಗಲಾಗದಿದ್ದ ಕಾಲದಲ್ಲಿ, 1943ರಲ್ಲಿ, ಅವರು ನ್ಯೂಯಾರ್ಕ್‌ನಲ್ಲಿ ‘ಪ್ರೆಸ್ ವೀಕ್’ ಆರಂಭಿಸಿ ಪತ್ರಕರ್ತರಿಗೆ ಅಮೆರಿಕದ ವಿನ್ಯಾಸಕರ ಕೆಲಸವನ್ನು ತೋರಿಸಿದರು. ಇಂದಿನ ನ್ಯೂಯಾರ್ಕ್ ಫ್ಯಾಷನ್ ವೀಕ್‌ನ ಮೂಲ ಅಲ್ಲಿದೆ. 1962ರಲ್ಲಿ ಅಮೆರಿಕದ ಫ್ಯಾಷನ್ ವಿನ್ಯಾಸಕರ ಮಂಡಳಿಯನ್ನು ಕಟ್ಟಿದವರೂ ಅವರೇ.

ಸೆಂಟಿಮೀಟರ್ ಲೆಕ್ಕದ ವಿಷಯಕ್ಕೆ ಬರೋಣ. ಸುದ್ದಿಯನ್ನು ಜಾಹೀರಾತಿನ ದರದಿಂದ ಗುಣಿಸುವ ಪದ್ಧತಿ ಸಾರ್ವಜನಿಕ ಸಂಪರ್ಕದ ಮೌಲ್ಯವನ್ನು ತಿಳಿಸುವುದಿಲ್ಲವೆಂದು, ಈ ಕ್ಷೇತ್ರದ ವೃತ್ತಿಪರರೇ 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿ ಒಪ್ಪಿದ ಸೂತ್ರಗಳಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಒಂದು ಉಡುಪನ್ನು ಅರ್ಧ ಪುಟ ತೆಗಳಿದರೂ ಆ ಲೆಕ್ಕದಲ್ಲಿ ಅದು ಲಾಭವೆಂದೇ ಬರುತ್ತದೆ! ಹಾಗಿದ್ದರೂ ಗ್ರಾಹಕರು ಕೇಳುತ್ತಾರೆಂಬ ಕಾರಣಕ್ಕೆ ಅನೇಕ ಕಡೆ ಅದು ಉಳಿದುಕೊಂಡಿದೆ. ಹೇಳಿದ ವರದಿಯನ್ನು ಮಾಡಿಕೊಡಿ, ಆದರೆ ಅದರ ಪಕ್ಕದಲ್ಲಿ ಇನ್ನೊಂದು ಅಂಕಣ ಸೇರಿಸಿ, ಬರಹದ ಧಾಟಿ ಹೇಗಿದೆ, ವಿನ್ಯಾಸಕರ ಹೆಸರು ಸರಿಯಾಗಿದೆಯೇ, ನಾವು ಹೇಳಬೇಕೆಂದಿದ್ದ ಸಂಗತಿ ಅದರಲ್ಲಿ ಬಂದಿದೆಯೇ ಎಂದು ದಾಖಲಿಸಿ. ಕೆಲವೇ ವಾರಗಳಲ್ಲಿ ಹಿರಿಯರು ಮೊದಲು ಆ ಅಂಕಣವನ್ನೇ ನೋಡತೊಡಗಿದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಪ್ರಶ್ನೆ: ನನ್ನ ಇಂಟರ್ನ್‌ಶಿಪ್‌ಗೆ ಸಂಭಾವನೆಯಿಲ್ಲ. ಪ್ರಯಾಣದ ಖರ್ಚೂ ನನ್ನದೇ. ಫ್ಯಾಷನ್ ಲೋಕದಲ್ಲಿ ಇದು ಮಾಮೂಲು, ಅನುಭವವೇ ಸಂಬಳ ಎನ್ನುತ್ತಾರೆ. ಒಪ್ಪಿಕೊಳ್ಳಬೇಕೇ?

ಉತ್ತರ: ಮಾಮೂಲು ಎಂಬುದು ನಿಜ, ಸರಿ ಎಂಬುದು ನಿಜವಲ್ಲ. ಮೊದಲ ಉತ್ತರದಲ್ಲಿ ನಾನು ಸ್ಯಾಂಪಲ್ ಕೋಣೆಯ ಕೆಲಸವನ್ನು ಇಷ್ಟೊಂದು ಹೊಗಳಿದ್ದೇನೆ. ಅಷ್ಟು ಬೆಲೆಯುಳ್ಳ ಕೆಲಸವಾದ್ದರಿಂದಲೇ ಅದಕ್ಕೆ ಸಂಬಳ ಕೊಡಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಈ ಪ್ರಶ್ನೆ ನ್ಯಾಯಾಲಯವನ್ನೂ ತಲುಪಿದೆ. ಅಮೆರಿಕದಲ್ಲಿ 2012ರಲ್ಲಿ ಹಾರ್ಪರ್ಸ್ ಬಜಾರ್‌ನ ಮಾಜಿ ಇಂಟರ್ನ್ ಒಬ್ಬರು ಅದರ ಪ್ರಕಾಶಕರಾದ ಹರ್ಸ್ಟ್ ಸಂಸ್ಥೆಯ ವಿರುದ್ಧ ವೇತನಕ್ಕಾಗಿ ದಾವೆ ಹೂಡಿದರು. ಮರುವರ್ಷ, ಇಂಥದೇ ದಾವೆ ಎದುರಾದ ಬಳಿಕ, ವೋಗ್ ಪತ್ರಿಕೆಯನ್ನು ಪ್ರಕಟಿಸುವ ಕಾಂಡೆ ನಾಸ್ಟ್ ತನ್ನ ಇಂಟರ್ನ್‌ಶಿಪ್ ಯೋಜನೆಯನ್ನೇ ನಿಲ್ಲಿಸಿತು, 2014ರಲ್ಲಿ ಮಾಜಿ ಇಂಟರ್ನ್‌ಗಳೊಂದಿಗೆ 58 ಲಕ್ಷ ಡಾಲರ್‌ಗಳ ರಾಜಿಗೆ ಒಪ್ಪಿತು. ಹರ್ಸ್ಟ್ ವಿರುದ್ಧದ ಮೊಕದ್ದಮೆಯಲ್ಲಿ ಮಾತ್ರ ತೀರ್ಪು ಕೊನೆಗೆ ಸಂಸ್ಥೆಯ ಪರವಾಗಿಯೇ ಬಂತು. ಇಂಟರ್ನ್‌ಶಿಪ್‌ನ ಮುಖ್ಯ ಪ್ರಯೋಜನ ವಿದ್ಯಾರ್ಥಿಗೆ ಆಗುತ್ತಿದೆಯೋ ಸಂಸ್ಥೆಗೋ ಎಂದು ನೋಡುವುದು ಅಲ್ಲಿನ ನ್ಯಾಯಾಲಯಗಳು ಹಿಡಿದ ದಾರಿ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿದ್ದರೂ ಈ ಪ್ರಶ್ನೆಯನ್ನು ನೀವು ಎಲ್ಲಿದ್ದರೂ ಕೇಳಿಕೊಳ್ಳಬಹುದು. ನೀವು ಒಂದು ವಾರ ರಜೆ ಹಾಕಿದರೆ ಅಲ್ಲಿ ಕೆಲಸ ನಿಲ್ಲುತ್ತದೆಯೇ? ನಿಲ್ಲುವುದಾದರೆ ನೀವು ಮಾಡುತ್ತಿರುವುದು ನೌಕರರ ಕೆಲಸ.

ಸಂಬಳವಿಲ್ಲದ ಇಂಟರ್ನ್‌ಶಿಪ್‌ನಿಂದ ಆಗುವ ದೊಡ್ಡ ನಷ್ಟ ಅಲ್ಲಿಗೆ ಬಾರದೇ ಹೋದವರದು. ಮೂರು ತಿಂಗಳು ಗಳಿಕೆಯಿಲ್ಲದೆ ಇರಬಲ್ಲ ಮನೆಯ ಮಕ್ಕಳಷ್ಟೇ ಒಳಗೆ ಬಂದರೆ, ಯಾವ ಉಡುಪನ್ನು ಯಾರ ಮುಂದೆ ಹೇಗೆ ಇಡಬೇಕೆಂದು ಮುಂದೆ ನಿರ್ಧರಿಸುವವರೂ ಅವರಷ್ಟೇ ಆಗುತ್ತಾರೆ. ಕಷ್ಟದಲ್ಲಿ ಓದಿದ, ಬಟ್ಟೆಯನ್ನು ಬಲ್ಲ ಎಷ್ಟೋ ಕಣ್ಣುಗಳನ್ನು ಈ ವೃತ್ತಿ ಹೀಗೆ ಕಳೆದುಕೊಂಡಿದೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ನೀವು ಕನಿಷ್ಠ ಪ್ರಯಾಣದ ಖರ್ಚನ್ನು, ಕೆಲಸದ ವೇಳೆಯನ್ನು, ಕಲಿಸುವ ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿ. ಕೇಳಿದ್ದಕ್ಕೇ ಬೇಡವೆನ್ನುವ ಸಂಸ್ಥೆಯಲ್ಲಿ ಕಲಿಸುವ ಮನಸ್ಸೂ ಇರಲಾರದು.

ಪ್ರಶ್ನೆ: ಸಾಮಾಜಿಕ ಜಾಲತಾಣದಲ್ಲಿ ಹೆಸರು ಮಾಡಿದವರಿಗೆ ಉಡುಪುಗಳನ್ನು ಉಚಿತವಾಗಿ ಕಳುಹಿಸುತ್ತೇವೆ. ಉಚಿತವಾಗಿ ಬಂದದ್ದೆಂದು ಬರೆಯಬೇಡಿ ಎಂದು ಅವರಿಗೆ ಸಂದೇಶ ಕಳುಹಿಸಲು ನನಗೆ ಸೂಚಿಸಿದ್ದಾರೆ. ಏನು ಮಾಡಲಿ?

ಉತ್ತರ: ಕಳುಹಿಸಬೇಡಿ. ಪ್ರಚಾರದ ಉದ್ದೇಶದಿಂದ ಉಚಿತವಾಗಿ ಪಡೆದ ವಸ್ತುವನ್ನು ತೋರಿಸುವಾಗ ಅದನ್ನು ನೋಡುಗರಿಗೆ ತಿಳಿಸಬೇಕೆಂಬುದು ಅಮೆರಿಕದಲ್ಲಿಯೂ ಬ್ರಿಟನ್‌ನಲ್ಲಿಯೂ ನಿಯಮ, ಭಾರತದಲ್ಲಿ ಜಾಹೀರಾತು ಮಾನದಂಡಗಳ ಮಂಡಳಿ 2021ರಲ್ಲಿ ಇದಕ್ಕಾಗಿ ಮಾರ್ಗಸೂಚಿ ಹೊರಡಿಸಿದೆ. ಎದುರು ಮಾತಾಡಲು ಅಳುಕಾದರೆ ಹಿರಿಯರಿಗೆ ಒಂದು ಇಮೇಲ್ ಬರೆದು, ಈ ಸಂದೇಶ ನಿಯಮಕ್ಕೆ ವಿರುದ್ಧವಾಗಬಹುದೆಂದು ನನಗನ್ನಿಸುತ್ತದೆ, ದಯವಿಟ್ಟು ಖಚಿತಪಡಿಸಿ ಎಂದು ಕೇಳಿ. ಬರವಣಿಗೆಯಲ್ಲಿ ‘ಕಳುಹಿಸು’ ಎಂದು ಉತ್ತರಿಸಲು ಹೆಚ್ಚಿನವರು ಹಿಂಜರಿಯುತ್ತಾರೆ.

ಪ್ರಶ್ನೆ: ಕಾಲೇಜಿಗೆ ಸಲ್ಲಿಸುವ ಇಂಟರ್ನ್‌ಶಿಪ್ ವರದಿಯಲ್ಲಿ ಏನು ಬರೆಯಬೇಕು? ದೊಡ್ಡ ಕೆಲಸವೇನನ್ನೂ ಮಾಡಿಲ್ಲ.

ಉತ್ತರ: ಮಾಡಿದ್ದನ್ನೇ ಬರೆಯಿರಿ, ಎಣಿಸಿ ಬರೆಯಿರಿ. ಎಷ್ಟು ಉಡುಪುಗಳ ಹೋಗಿಬರುವಿಕೆಯನ್ನು ನೋಡಿಕೊಂಡಿರಿ, ಎಷ್ಟು ತಡವಾದವು, ಪ್ರದರ್ಶನದ ದಿನ ಆಸನ ಪಟ್ಟಿಯಲ್ಲಿ ಕೊನೆಯ ಗಳಿಗೆಯ ಬದಲಾವಣೆ ಬಂದಾಗ ಯಾರನ್ನು ಎಲ್ಲಿ ಕೂರಿಸಿದಿರಿ ಮತ್ತು ಏಕೆ ಎಂಬಂಥ ವಿವರಗಳಿದ್ದರೆ, ‘ಬ್ರ್ಯಾಂಡ್ ಸಂವಹನದಲ್ಲಿ ತೊಡಗಿಸಿಕೊಂಡೆ’ ಎಂಬ ವಾಕ್ಯದ ಅಗತ್ಯವೇ ಬೀಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಇನ್ನೂ ಬಿಡುಗಡೆಯಾಗದ ಸಂಗ್ರಹದ ಚಿತ್ರಗಳನ್ನಾಗಲಿ, ಸಂಪಾದಕರ ಮತ್ತು ಸ್ಟೈಲಿಸ್ಟ್‌ಗಳ ದೂರವಾಣಿ ಸಂಖ್ಯೆಗಳಿರುವ ಪಟ್ಟಿಯನ್ನಾಗಲಿ ಅನುಬಂಧವೆಂದು ಸೇರಿಸಬಾರದು. ಸಲ್ಲಿಸುವ ಮುನ್ನ ವರದಿಯ ಪ್ರತಿಯನ್ನು ಸಂಸ್ಥೆಯ ಮೇಲ್ವಿಚಾರಕರಿಗೆ ಕೊಟ್ಟು, ತೆಗೆಯಬೇಕಾದದ್ದು ಇದೆಯೇ ಎಂದು ಕೇಳಿ, ಒಪ್ಪಿಗೆಯ ಸಹಿ ಪಡೆದುಕೊಳ್ಳಿ.